ಪಾಟೀ ಸವಾಲು ವಿಡಿಯೋದಾಗ ನಡಿತೈತೇನ್ರಿ?

ಪ್ರಶ್ನೆ (ದುಬೈನಿಂದ): ಹಾವೇರಿ ಸಿವಿಲ್ ಕೋರ್ಟಿನಾಗ ನಮ್ಮ ವಾಟ್ನಿ (ಆಸ್ತಿ ಪಾಲಿನ) ದಾವಾ ಐತ್ರಿ, ನಾನs ವಾದಿ. ಮುಂದಿನ ತಾರೀಖಿಗೆ ನನ್ನ ಪಾಟೀ ಸವಾಲು, ಅಂದ್ರ ಎದುರು ವಕೀಲರು ನನಗ ಪ್ರಶ್ನೆ ಕೇಳೂದು. ಮನ್ಯಾಗ ಕುಂತು ಲ್ಯಾಪ್‌ಟಾಪಿನಾಗ ಹೇಳಿದರ ನಡಿತೈತೇನ್ರಿ ವಕೀಲರ?

ಉತ್ತರ (ವಕೀಲರು, ಧಾರವಾಡ): ಮನ್ಯಾಗಿಂದ ಬ್ಯಾಡ್ರಿ. ವಿದೇಶದಾಗಿನ ಸಾಕ್ಷಿಗೆ ಭಾರತೀಯ ಕಾನ್ಸುಲೇಟ್ ಅಧಿಕಾರಿ ಸಮನ್ವಯಕಾರ (ಸಾಕ್ಷಿ ಕಡೆ ಇದ್ದು ನೋಡಿಕೊಳ್ಳಾಂವ) ಆಗಿರಬೇಕು ಅಂತ ವಿಡಿಯೋ ಕಾನ್ಫರೆನ್ಸಿಂಗ್ ನಿಯಮ ಹೇಳತಾವು. ಬಾಜೂಕ ಕುಂತು ಯಾರೂ ಉತ್ತರ ಹೇಳಿಕೊಡಬಾರದಲ್ರಿ, ಅದಕ್ಕs.

ನಿಮ್ಮ ವಕೀಲರಿಂದ ವಿಡಿಯೋ ಅನುಮತಿ ಕೇಳಿ ಈಗs ಮಧ್ಯಂತರ ಅರ್ಜಿ (ದಾವಾ ನಡೀತಿರೂವಾಗ ಹಾಕೂ ಅರ್ಜಿ) ಹಾಕಸ್ರಿ. ಬರಾಕ ಯಾಕ ಆಗೂದಿಲ್ಲ ಅನ್ನೂದಕ್ಕ ಪ್ರಮಾಣಪತ್ರ (ಅಫಿಡವಿಟ್), ವೀಸಾ ಮತ್ತ ನೌಕರಿ ದಾಖಲೆ ಜೋಡಸ್ರಿ. ಪ್ರತಿವಾದಿಗೆ ನಕಲು ಕೊಡಬೇಕು, ಅವರು ತಕರಾರು ಮಾಡಬಹುದು. ಅನುಮತಿ ಕೊಡೂದು ಜಡ್ಜ್ ಸಾಹೇಬ್ರ ವಿವೇಚನೆ. ದುಬೈ ನಮಗಿಂತ ಒಂದೂವರೆ ತಾಸು ಹಿಂದ ಐತಿ, ಅದಕ್ಕ ಮಧ್ಯಾಹ್ನದ ಹೊತ್ತು ಕೇಳಿದರ ಕಾನ್ಸುಲೇಟಿಗೂ ಅನುಕೂಲ.

ಖರೇ ತೊಡಕು ಇರೂದು ಕಾಗದಪತ್ರದಾಗ. ಅಸಲು ದಾಖಲೆ ಹಾವೇರಿ ಕೋರ್ಟಿನ ಕಡತದಾಗ, ನೀವು ಅಲ್ಲಿ. ಎದುರು ವಕೀಲರು ‘ಈ ಸಹಿ ನಿಮ್ದೇನು?’ ಅಂತ ಕೇಳಿದಾಗ ಆ ಹಾಳಿ ನಿಮ್ಮ ಮುಂದ ಇಲ್ಲಂದ್ರ ಕಲಾಪ ಅಲ್ಲೇ ನಿಂತು ಮತ್ತೊಂದು ತಾರೀಖು ಬೀಳತೈತಿ. ನಿಶಾನೆ ಆದ (ಕೋರ್ಟು ಸಾಕ್ಷ್ಯ ಅಂತ ನಂಬರ್ ಹಾಕಿದ) ಎಲ್ಲಾ ದಾಖಲೆಗಳ ಪ್ರತಿಗೆ ಪುಟಸಂಖ್ಯೆ ಹಾಕಿ ಕಾನ್ಸುಲೇಟಿಗೆ ಮುಂಚೆನs ಮುಟ್ಟಸ್ರಿ. ಸಹಿ, ಹೆಬ್ಬಟ್ಟು, ಹಳೇ ವಾಟ್ನಿಪತ್ರದ ಮ್ಯಾಲೇನs ಜಗಳ ಇದ್ದರ ಮಾತ್ರ ರಜೆ ಹಾಕಿ ಬಂದುಬಿಡ್ರಿ. ನನಗಂತೂ ಅದs ಸರಿ ಅನಸ್ತೈತಿ.

ಪ್ರಶ್ನೆ (ಅವರೇ): ಬಂದ ದಿನ ಕೇಸ್ ಮುಂದ ಹೋದರ?

ಉತ್ತರ: ಅದು ಆಗೂದs ರೀ. ಟಿಕೆಟ್ ತೋರಿಸಿ, ಒಂದs ದಿನಕ್ಕ ಮುಗೀಲಿಲ್ಲಂದ್ರ ಮರುದಿನ ಮುಂದುವರಸ್ರಿ ಅಂತ ಮೆಮೊ ಹಾಕಸ್ರಿ. ಮೇ ತಿಂಗಳ ಬೇಸಿಗಿ ರಜಾ, ದಸರಾ ರಜಾ ನೋಡಿ ಟಿಕೆಟ್ ಮಾಡ್ರಿ. ಇ-ಕೋರ್ಟ್ಸ್ ಆ್ಯಪಿನಾಗ 16 ಅಕ್ಷರದ ಸಿಎನ್ಆರ್ ಸಂಖ್ಯೆ (ನಿಮ್ಮ ಕೇಸಿನ ಗುರುತಿನ ನಂಬರ್) ಹಾಕಿದರ ತಾರೀಖು ಕಾಣತೈತಿ. ಉಳಿದ ತಾರೀಖಿಗೆ ವಕಾಲತ್ತು ಇದ್ದ ವಕೀಲರು ಹಾಜರಾದರ ಸಾಕು.

ಪ್ರಶ್ನೆ (ಗದಗ): ನಮ್ದು ವಿಚ್ಛೇದನದ ಕೇಸ್ ರೀ. ರಾಜಿ ಮಾತುಕತೆ ವಿಡಿಯೋದಾಗ ಮಾಡಬಹುದೇನ್ರಿ?

ಉತ್ತರ: 2017ರ ಸಂತಿನಿ ಪ್ರಕರಣದಾಗ ಸುಪ್ರೀಂ ಕೋರ್ಟ್ ರಾಜಿ ಹಂತಕ್ಕ ವಿಡಿಯೋ ಬ್ಯಾಡ ಅಂದೈತ್ರಿ. ರಾಜಿ ಮುರಿದ ಮ್ಯಾಲೆ ಇಬ್ಬರೂ ಕೂಡಿ ಅರ್ಜಿ ಕೊಟ್ಟರ ಕೋರ್ಟು ವಿಡಿಯೋಕ್ಕ ಅನುಮತಿ ಕೊಡಬಹುದು. ವಿಡಿಯೋ ಕಲಾಪ ಮೊಬೈಲಿನಾಗ ರೆಕಾರ್ಡ್ ಮಾತ್ರ ಮಾಡಬ್ಯಾಡ್ರಿ, ಕೋರ್ಟಿನ ಅನುಮತಿ ಇಲ್ಲದ ಅದು ನಿಷಿದ್ಧ.