ಕಲ್ಪನೆಯ ಲೋಕಕ್ಕೆ ವೀರರು, ದೇವರು: ಹೀಗೆ ಬರೆದವರು ಅನುಭವ ಹೇಳಿ

ಕೇಳಿದವರು, ಧಾರವಾಡ
ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಹಿಂದೆ ಕೆಂಡಾರ ಅಂತ ಒಬ್ಬ ವೀರನಿದ್ದ. ಸಾವಿರ ವರ್ಷ ಕಳೆದ ಮೇಲೆ ಆ ನಾಡಿನಲ್ಲಿ ಸೇನಾಪತಿ ಆದವರಿಗೆಲ್ಲ ಕೆಂಡಾರ ಅಂತಲೇ ಕರೆಯುತ್ತಾರೆ. ಜೊತೆಗೆ ಹೊಳೆಯ ದೇವತೆ, ಬೆಂಕಿಯ ದೇವರು ಸೇರಿ ಒಂದೇ ದೇವರಾಗಿದ್ದಾರೆ. ಓದಿದ ಗೆಳೆಯರು ಎರಡನ್ನೂ ನಂಬೋಕೆ ಆಗ್ತಿಲ್ಲ ಅಂತಾರೆ. ಏನು ಮಾಡಲಿ?

ಗದಗಿನಿಂದ
ನಾನೂ ಇದೇ ಜಾಗದಲ್ಲಿ ಎರಡು ವರ್ಷ ಸಿಕ್ಕಿಹಾಕಿಕೊಂಡಿದ್ದೆ ರೀ. "ಅವನ ನೆನಪಿಗೆ ಆ ಹೆಸರು ಬಿರುದಾಯಿತು" ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ, ಅಲ್ಲೇ ಕಥೆ ಸತ್ತಿತ್ತು.

ದಾರಿ ಸಿಕ್ಕಿದ್ದು ನಮ್ಮೂರಿನ ತೋಂಟದಾರ್ಯ ಮಠದ ಹೆಸರಿನಿಂದ. ದಿನಾ ಅದರ ಮುಂದೆಯೇ ಓಡಾಡುತ್ತಿದ್ದರೂ ಯೋಚಿಸಿರಲಿಲ್ಲ. ಎಡೆಯೂರು ಸಿದ್ಧಲಿಂಗರು ತೋಟದಲ್ಲಿ ತಪಸ್ಸಿಗೆ ಕೂತರು, ಜನ ತೋಂಟದ ಸಿದ್ಧಲಿಂಗರು ಅಂದರು. ಇವತ್ತಿಗೂ ಇಲ್ಲಿನ ಪೀಠಕ್ಕೆ ಬಂದ ಸ್ವಾಮಿಗಳ ಹೆಸರಿನ ಮುಂದೆ "ತೋಂಟದ" ಇದೆ. ಅವರು ಯಾವ ತೋಟದಲ್ಲೂ ಕೂತಿರಬೇಕಾಗಿಲ್ಲ. ಪೀಠ ಇದೆ, ಅದರ ಕೆಲಸ ಇದೆ, ಆ ಕೆಲಸದ ಜೊತೆ ಹೆಸರು ಬರುತ್ತದೆ.

ಇನ್ನೊಂದು ನೋಡಿ. ಸತ್ಯಾಶ್ರಯ ಅನ್ನೋದು ಇಮ್ಮಡಿ ಪುಲಿಕೇಶಿಯ ಬಿರುದು, 634ರ ಐಹೊಳೆ ಶಾಸನದಲ್ಲೇ ಇದೆ. ಮುಂದೆ ಕಲ್ಯಾಣದ ಚಾಲುಕ್ಯರು ತಮ್ಮ ಮನೆತನವನ್ನೇ ಸತ್ಯಾಶ್ರಯ ಕುಲ ಅಂದುಕೊಂಡರು. 997ರಲ್ಲಿ ಪಟ್ಟಕ್ಕೆ ಬಂದ ರಾಜನ ಹೆಸರೇ ಸತ್ಯಾಶ್ರಯ! ಬಿರುದು ಹೋಗಿ ಕುಲವಾಯಿತು, ಕುಲ ಹೋಗಿ ಮತ್ತೆ ಹೆಸರಾಯಿತು. ಅದೇ ರಾಜನ ಕಾಲದಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರಲ್ಲಿ ಈಗ ಸರ್ಕಾರ ಪ್ರಶಸ್ತಿ ಕೊಡುತ್ತದೆ. ಹೊರಗಿನ ಉದಾಹರಣೆ ಬೇಕಿದ್ದರೆ ರೋಮಿನ ಸೀಸರ್ ಇದ್ದಾನೆ. ಅವನ ಮನೆತನದ ಹೆಸರು ಜರ್ಮನಿಯಲ್ಲಿ ಕೈಸರ್, ಅಂದ್ರೆ ಚಕ್ರವರ್ತಿ, ಆಗಿ 1918ರ ತನಕ ಪಟ್ಟದ ಮೇಲೆ ಕೂತಿತ್ತು.

ಅದಕ್ಕೇ ನಿಮ್ಮ ಕೆಂಡಾರನಿಗೆ ಒಂದು ಕೆಲಸ ಕೊಡಿ. ಹೊಸ ಸೇನಾಪತಿಗೆ ಪಟ್ಟ ಕಟ್ಟುವ ದಿನ ಏನಾಗುತ್ತದೆ? ಅವನ ಹಳೆಯ ಹೆಸರು ಎಲ್ಲಿ ಹೋಗುತ್ತದೆ? ತಾಯಿ ಮಗನನ್ನು ಮನೆಯಲ್ಲಿ ಏನಂತ ಕರೆಯುತ್ತಾಳೆ? ನಾನು ಆ ತಾಯಿಯ ಒಂದು ಪುಟ ಬರೆದೆ, ಮಗನ ಹೆಸರು ಬಾಯಿಗೆ ಬಂದು ನುಂಗಿಕೊಳ್ಳುತ್ತಾಳೆ. ಆಮೇಲೆ ಯಾರೂ ನಂಬೋದಿಲ್ಲ ಅನ್ನಲಿಲ್ಲ. ಹೆಸರನ್ನೂ ಸ್ವಲ್ಪ ಸವೆಸಿ. ಸಾವಿರ ವರ್ಷ ಬಾಯಿಂದ ಬಾಯಿಗೆ ಹೋದ ಮೇಲೆ ಕೆಂಡಾರ ಕೆಂಡಾರನಾಗಿಯೇ ಉಳಿಯೋದಿಲ್ಲ ಅಲ್ವಾ, ಕೆಂಡ್ರ ಅಂತಲೋ ಕೆಣ್ಣಾರ ಅಂತಲೋ ಆಗಿರುತ್ತದೆ.

ರಾಣೆಬೆನ್ನೂರಿನಿಂದ
ದೇವರ ವಿಷಯ ನಾನು ಹೇಳ್ತೀನಿ. ನಮ್ಮ ಕಡೆಯಿಂದ ಹೊಳೆ ದಾಟಿದರೆ ಹರಿಹರ. ಅಲ್ಲಿ ಮೂರ್ತಿಯ ಬಲ ಅರ್ಧ ಹರ, ಎಡ ಅರ್ಧ ಹರಿ. ಗುಡಿ 1224ರದು, ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಕಥೆ ಗೊತ್ತಿರಬೇಕು: ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ವರ ಇತ್ತು, ಅದಕ್ಕೆ ಇಬ್ಬರೂ ಒಂದೇ ಮೈಯಾಗಿ ಬಂದರು. ಒಬ್ಬರಿಂದ ಆಗದ ಕೆಲಸ ಒಂದಿತ್ತು. ನಿಮ್ಮ ಹೊಳೆ ಮತ್ತು ಬೆಂಕಿಗೆ ಅಂಥ ಕೆಲಸ ಯಾವುದು? ಅದಿಲ್ಲದೆ ಸುಮ್ನೆ ಸೇರಿಸಿದರೆ ಅಂಟಿಸಿದ ಹಾಗೆ ಕಾಣುತ್ತದೆ.

ದೇವರಗುಡ್ಡದ ಮೈಲಾರಲಿಂಗ ಬೇರೆ ಥರ. ಇಲ್ಲಿ ಮೈಲಾರ, ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬಾ, ತೆಲುಗರಲ್ಲಿ ಮಲ್ಲಣ್ಣ. ಕುರಿ ಕಾಯುವವರ ದೇವರೂ ಹೌದು, ಶಿವನೂ ಹೌದು. ಮೈಲಾರನ ಭಕ್ತ ಗೊರವಯ್ಯ ಕರಿ ಕಂಬಳಿ ಹೊದ್ದು "ಏಳು ಕೋಟಿಗೋ" ಅಂತ ಕೂಗಿ ಭಂಡಾರ ಹಚ್ಚುವಾಗ ಇವ ಯಾವ ದೇವರು ಅಂತ ಯಾರೂ ಕೇಳೋದಿಲ್ಲ. ಹಣೆಗೆ ಅರಿಶಿನ ಬಿದ್ದರೆ ಸಾಕು. ಸೇರಿದ ದೇವರು ಮೊದಲು ಪೂಜೆಯಲ್ಲಿ ಕಾಣಬೇಕು, ಪುರಾಣ ಆಮೇಲೆ. ನಾನು ನನ್ನ ಕಥೆಯಲ್ಲಿ ಒಂದೇ ಗುಡಿಗೆ ಇಬ್ಬರು ಪೂಜಾರಿಗಳನ್ನು ಇಟ್ಟೆ. ಒಬ್ಬರ ಮನೆತನಕ್ಕೆ ಅಭಿಷೇಕ ಮಾತ್ರ, ಇನ್ನೊಬ್ಬರದಕ್ಕೆ ಆರತಿ ಮಾತ್ರ. ನಿಮ್ಮ ಹೊಳೆ-ಬೆಂಕಿಗೆ ಇದು ಸರಿಯಾಗಿ ಹೊಂದುತ್ತದೆ, ಬೇಕಿದ್ದರೆ ತಗೊಳ್ಳಿ.

ಗದಗಿನಿಂದ, ಮತ್ತೆ
ಸೇರದೇ ಜೊತೆಗಿರುವ ದೇವರೂ ಇದ್ದಾರೆ. ನಮ್ಮೂರಿನ ತ್ರಿಕೂಟೇಶ್ವರನ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ, ಬ್ರಹ್ಮ, ವಿಷ್ಣು, ಮಹೇಶ್ವರ. ಪೀಠ ಒಂದು, ಲಿಂಗಗಳ ನಡುವೆ ಬೆರಳು ಆಡುವಷ್ಟು ಜಾಗ. ನಿಮ್ಮ ಲೋಕದಲ್ಲಿ ಯಾವುದೋ ಒಂದು ಊರು ಹೀಗೇ ಉಳಿದಿರಲಿ.

ಹುಬ್ಬಳ್ಳಿಯಿಂದ
ನನ್ನದು ಚಿಕ್ಕ ಮಾತು. ನಮ್ಮ ಮನೆ ಜಗಲಿ ಮೇಲಿನ ಫೋಟೋದ ಕೆಳಗೆ "ಶ್ರೀ ರೇಣುಕಾ ಯಲ್ಲಮ್ಮ" ಅಂತ ಅಚ್ಚಾಗಿದೆ. ನಮ್ಮ ಅಮ್ಮ ಇರೋತನಕ, ಅಂದ್ರೆ ನಮ್ಮಪ್ಪನ ತಾಯಿ, ಒಂದು ದಿನವೂ ರೇಣುಕಾ ಅನ್ನಲಿಲ್ಲ. ಪರಶುರಾಮನ ಕಥೆ ಪೂರ್ತಿ ಹೇಳುತ್ತಿದ್ದಳು, ರೇಣುಕೆಯ ತಲೆ ಕಡಿದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಆದರೆ ಸವದತ್ತಿ ಗುಡ್ಡ ಹತ್ತುವಾಗ ಬಾಯಲ್ಲಿ ಬರೋದು "ಯಲ್ಲವ್ವಾ" ಅಂತಲೇ. ಎರಡು ಹೆಸರು ಸೇರಿ ಎಷ್ಟೋ ಕಾಲ ಆಗಿದೆ, ಆದರೂ ಕಷ್ಟಕ್ಕೆ ಕೂಗುವ ಹೆಸರು ಒಂದೇ.

ನಿಮ್ಮ ನಾಡಿನಲ್ಲಿ ಹೊಳೆದಂಡೆಯ ಮುದುಕಿ ಯಾರ ಹೆಸರು ಕೂಗುತ್ತಾಳೆ? ಆ ಅಧ್ಯಾಯ ಬರೆದರೆ ಇಲ್ಲೇ ಹಾಕಿ, ಓದ್ತೀನಿ.