ಹಿತ್ತಲಿನಲ್ಲಿ ತಾನಾಗಿ ಹುಟ್ಟುವ ಬೇವು, ಸುಬಾಬುಲ್, ಅರಳಿ ಸಸಿಗಳನ್ನು ತೆಗೆಯುವುದು ಹೇಗೆ?

ಪ್ರಶ್ನೆ: ಹಿತ್ತಲಗಿಡ, ವಿಜಯಪುರ

ಸದಸ್ಯರಿಗೆ ನಮಸ್ಕಾರ. ನಮ್ಮ ಮನೆ ವಿಜಯಪುರದ ಹೊರವಲಯದ ಬಡಾವಣೆಯಲ್ಲಿದ್ದು, ಹಿತ್ತಲೆಲ್ಲ ಎರೆಮಣ್ಣು. ಮಲ್ಲಿಗೆ, ನಿಂಬೆ, ಕರಿಬೇವಿನ ಜೊತೆಗೆ ಮನೆಗೆ ಸಾಲುವಷ್ಟು ಕಾಯಿಪಲ್ಯ ಬೆಳೆಯುತ್ತೇವೆ. ಮುಂಗಾರು ಹಿಡಿದ ಮೇಲೆ ಬೀದಿಯ ಮರದಿಂದ ಉದುರಿದ ಬೇವು, ಪಕ್ಕದ ಖಾಲಿ ನಿವೇಶನದಿಂದ ಬಂದ ಸುಬಾಬುಲ್, ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಅರಳಿ, ಹೀಗೆ ನಾವು ನೆಡದ ಸಸಿಗಳೇ ಹೆಚ್ಚಾಗಿ ಏಳುತ್ತವೆ. ಕೈಯಿಂದ ಎಳೆದರೆ ಕಾಂಡ ಮಾತ್ರ ತುಂಡಾಗಿ ಬರುತ್ತದೆ, ಸ್ವಲ್ಪ ದಿನಗಳಲ್ಲಿ ಅದೇ ಜಾಗದಿಂದ ಮತ್ತೆ ಚಿಗುರುತ್ತದೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಸಿಂಪಡಿಸಿ ಎಂದು ಪರಿಚಯದವರೊಬ್ಬರು ಹೇಳಿದರು, ಆದರೆ ಕಾಯಿಪಲ್ಯ ಇರುವಲ್ಲಿ ಅದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಅರಳಿಯನ್ನಂತೂ ಕೀಳಲೇಬಾರದು ಎಂಬುದು ನಮ್ಮ ಅತ್ತೆಯವರ ನಿಲುವು. ದಯವಿಟ್ಟು ಅನುಭವಸ್ಥರು ತಿಳಿಸಬೇಕು.

ಉತ್ತರ: ಎರೆಹೊಲ, ಬಾಗಲಕೋಟೆ

ಔಷಧದ ಮಾತನ್ನು ಮೊದಲು ಮುಗಿಸುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ ಗ್ಲೈಫೋಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಷ್ಟೇ ಬಳಸಬೇಕು. ಅದಿರಲಿ, ಗಾಳಿಗೆ ಹಾರಿದ ಹನಿಗಳು ಮಲ್ಲಿಗೆಯ ಎಲೆಯ ಮೇಲೆ ಬಿದ್ದರೂ ಗಿಡಕ್ಕೆ ಪೆಟ್ಟು. ಹಿತ್ತಲಿಗೆ ಅದು ಬೇಡ.

ನಿಮ್ಮ ತೊಂದರೆಯ ಮೂಲ ಎರೆಮಣ್ಣಿನ ಹದದಲ್ಲಿದೆ. ಮಳೆ ಬಿದ್ದ ದಿನ ಅದು ಕಾಲಿಗೆ ಮೆತ್ತುತ್ತದೆ, ವಾರ ಬಿಟ್ಟರೆ ಬೇರನ್ನು ಕಲ್ಲಿನಂತೆ ಕಚ್ಚಿ ಹಿಡಿಯುತ್ತದೆ. ಇವೆರಡರ ನಡುವೆ ಮಣ್ಣು ಪುಡಿಯಾಗುವ ಹದಕ್ಕೆ ಬಂದಾಗ, ಸಸಿಯಿಂದ ಎರಡು ಬೆರಳು ದೂರದಲ್ಲಿ ಕುರ್ಪಿಯನ್ನು ನೇರವಾಗಿ ಇಳಿಸಿ, ಮಣ್ಣನ್ನು ಸ್ವಲ್ಪ ಎತ್ತಿ, ಆಮೇಲೆ ಬುಡವನ್ನು ಹಿಡಿದು ನಿಧಾನವಾಗಿ ಎಳೆಯಬೇಕು. ಬೇವಿನ ಸಸಿ ಮೇಲೆ ನಾಲ್ಕು ಎಲೆ ಬಿಡುವಷ್ಟರಲ್ಲಿ ಕೆಳಗೆ ತಾಯಿಬೇರನ್ನು ಅದಕ್ಕಿಂತ ಉದ್ದವಾಗಿ ಇಳಿಸಿರುತ್ತದೆ. ಬೇರು ಪೂರ್ತಿ ಬರದಿದ್ದರೂ ಚಿಂತೆಯಿಲ್ಲ, ಕಾಂಡವೂ ಬೇರೂ ಕೂಡುವ ಗಂಟು ಮಾತ್ರ ಮಣ್ಣಿನಲ್ಲಿ ಉಳಿಯಬಾರದು. ನೀವು ಎಳೆದಾಗ ತುಂಡಾಗುವುದು ಆ ಗಂಟಿನ ಮೇಲೆಯೇ, ಆದ್ದರಿಂದಲೇ ಮತ್ತೆ ಚಿಗುರುತ್ತದೆ.

ಬೇವಿನ ಬೀಜಕ್ಕೆ ಆಯುಷ್ಯ ಕಡಿಮೆ, ಉದುರಿದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ಜೂನ್, ಜುಲೈನಲ್ಲಿ ಹಳದಿ ಹಣ್ಣುಗಳನ್ನು ಆಗಾಗ ಗುಡಿಸಿ ತೆಗೆದರೆ ಆ ವರ್ಷದ ಕಾಟ ಬಹುಪಾಲು ತಪ್ಪುತ್ತದೆ. ಅವುಗಳ ಸಿಪ್ಪೆ ತೆಗೆದು ಬೀಜವನ್ನು ನೆರಳಿನಲ್ಲಿ ಒಣಗಿಸಿಡಿ. ಒಳಗಿನ ತಿರುಳನ್ನು ಲೀಟರ್ ನೀರಿಗೆ 50 ಗ್ರಾಂನಂತೆ ಕುಟ್ಟಿ ರಾತ್ರಿಯಿಡೀ ನೆನೆಸಿ ಸೋಸಿದರೆ ಕಾಯಿಪಲ್ಯದ ಹುಳಕ್ಕೆ ಕಷಾಯವಾಗುತ್ತದೆ.

ಸುಬಾಬುಲ್ ಹಾಗಲ್ಲ. ಅದರ ಬೀಜದ ಸಿಪ್ಪೆ ಗಟ್ಟಿಯಾಗಿದ್ದು, ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಒಂದೊಂದು ಮಳೆಗೆ ಕೆಲವಷ್ಟೇ ಮೊಳೆಯುತ್ತವೆ. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಎಂದು ತಿಳಿದೇ ಕೈ ಹಾಕಬೇಕು. ಗಿಡಗಳ ನಡುವೆ ಕಬ್ಬಿನ ರವದಿಯನ್ನು (ಒಣಗಿದ ಸೋಗೆಯನ್ನು) ನಾಲ್ಕು ಬೆರಳು ದಪ್ಪಕ್ಕೆ ಹಾಸಿದರೆ ಎಷ್ಟೋ ಬೀಜಗಳು ಮೇಲೇಳುವುದಿಲ್ಲ. ಎದ್ದವೂ ಸಡಿಲವಾಗಿ ನಿಂತಿರುವುದರಿಂದ ಎರಡೇ ಬೆರಳಿನಲ್ಲಿ ಬರುತ್ತವೆ. ಕಿತ್ತ ಸಸಿಗಳನ್ನು ಆಡುಗಳಿಗೆ ಬೇರೆ ಮೇವಿನೊಂದಿಗೆ ಬೆರೆಸಿ ಹಾಕಬಹುದು. ಅದರಲ್ಲಿ ಮಿಮೋಸಿನ್ ಎಂಬ ಅಂಶವಿರುವುದರಿಂದ ಅದೊಂದೇ ಮೇವಾಗಬಾರದು, ಕುದುರೆಗಂತೂ ಹಾಕಲೇಬಾರದು.

ಉತ್ತರ: ಕೆಂಪುನೆಲ, ಬೆಳಗಾವಿ

ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕೀಳುವುದು ಇಷ್ಟು ಕಷ್ಟವಲ್ಲ. ಒಂದೇ ಎಚ್ಚರಿಕೆ: ಕರಿಬೇವಿನ ಹಣ್ಣನ್ನೂ ಹಕ್ಕಿಗಳು ತಿಂದು ಬೀಜ ಉದುರಿಸುತ್ತವೆ, ಅದರ ಬೇರಿನಿಂದಲೂ ಮರಿಗಳು ಏಳುತ್ತವೆ. ಕೀಳುವ ಮುನ್ನ ಒಂದು ಎಲೆಯನ್ನು ಹೊಸಕಿ ಮೂಸಿ ನೋಡಿರಿ. ಬೇವಿನ ಎಲೆಯ ಅಂಚು ಹಲ್ಲುಹಲ್ಲಾಗಿರುತ್ತದೆ. ಕರಿಬೇವಿನ ಪಕ್ಕದಲ್ಲಿ, ನುಣುಪು ಅಂಚಿನ ಎಲೆಗಳು ಎದುರುಬದುರಾಗಿರುವ ಸಸಿ ಕಂಡರೆ ಅದು ಶ್ರೀಗಂಧವೂ ಆಗಿರಬಹುದು. ನೆರೆಯ ಗಿಡಗಳ ಬೇರಿನಿಂದ ಆಹಾರ ಹೀರಿ ಬದುಕುವ ಗಿಡವದು. 2001ರ ಕಾನೂನು ತಿದ್ದುಪಡಿಯ ನಂತರ ಅದು ಜಮೀನಿನ ಮಾಲೀಕರದ್ದೇ ಆದರೂ, ಬೆಳೆದ ಮೇಲೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಉತ್ತರ: ಗೋಡೆಗಿಡ, ವಿಜಯಪುರ

ಅರಳಿಯ ಬಗ್ಗೆ ತಮ್ಮ ಅತ್ತೆಯವರ ಮಾತನ್ನು ಮೀರದೆಯೂ ಕೆಲಸ ಆಗುತ್ತದೆ. ಗೋಡೆಗೆ ನೀರು ಹಾಕಿ ನೆನೆಸಿ, ಬಿರುಕಿನ ಗಾರೆಯನ್ನು ಸಣ್ಣ ಉಳಿಯಿಂದ ಬಿಡಿಸಿ, ಸಸಿಯನ್ನು ಬೇರುಸಹಿತ ತೆಗೆದು ಕುಂಡದಲ್ಲಿ ನೆಡಿರಿ. ಅರಳಿ ಇಷ್ಟು ಸಣ್ಣದಿದ್ದಾಗ ಸುಲಭವಾಗಿ ಹಿಡಿಯುತ್ತದೆ, ಮುಂದೆ ಗುಡಿಯ ಕಟ್ಟೆಗೋ ಕೆರೆಯ ದಂಡೆಗೋ ಕೊಡಬಹುದು. ತೆಗೆದ ಜಾಗವನ್ನು ಅಂದೇ ಸಿಮೆಂಟಿನಿಂದ ತುಂಬಿ ಮುಚ್ಚದಿದ್ದರೆ ಹಕ್ಕಿ ಹಾಕಿದ ಇನ್ನೊಂದು ಬೀಜ ಅಲ್ಲಿಯೇ ಮೊಳೆಯುತ್ತದೆ. ಆಸಿಡ್ ಸುರಿಯುವವರಿದ್ದಾರೆ, ಅದರಿಂದ ಗಿಡಕ್ಕಿಂತ ಮೊದಲು ಗಾರೆ ಸಾಯುತ್ತದೆ. ಕಾಂಡ ಹೆಬ್ಬೆರಳಿಗಿಂತ ದಪ್ಪವಾಗಿದ್ದರೆ ಬೇರು ಗೋಡೆಯೊಳಗೆ ಹರಡಿರುತ್ತದೆ. ಆಗ ಗೌಂಡಿಯನ್ನು ಕರೆಸಿ ಅಷ್ಟು ಭಾಗ ಬಿಚ್ಚಿ ಕಟ್ಟಿಸುವುದೇ ಸರಿ.

ಹಿತ್ತಲಗಿಡ, ವಿಜಯಪುರ

ಎಲ್ಲರಿಗೂ ಧನ್ಯವಾದಗಳು. ಕುಂಡದ ಉಪಾಯಕ್ಕೆ ಅತ್ತೆಯವರು ಒಪ್ಪಿದ್ದಾರೆ. ಇನ್ನೊಂದು ಸಂದೇಹವಿದೆ: ನಿಂಬೆಯ ಬುಡದಲ್ಲಿರುವ ಸುಬಾಬುಲ್ ಆಗಲೇ ಬೆರಳು ದಪ್ಪವಾಗಿದೆ, ಅಗೆದರೆ ನಿಂಬೆಯ ಬೇರಿಗೆ ಪೆಟ್ಟಾಗುವುದಿಲ್ಲವೇ? ಬೀದಿಯ ಬೇವಿನ ಕೊಂಬೆಗಳನ್ನು ನಾವೇ ಕಡಿಸಬಹುದೇ?

ಎರೆಹೊಲ, ಬಾಗಲಕೋಟೆ

ನಿಂಬೆಯ ಆಹಾರ ಬೇರುಗಳು ಮೇಲುಮೇಲಿಗೇ ಇರುವುದರಿಂದ ಅಲ್ಲಿ ಗುದ್ದಲಿ ಬೇಡ. ಸುಬಾಬುಲ್ ಬುಡದ ಮಣ್ಣನ್ನು ಕೈಯಿಂದ ನಾಲ್ಕು ಬೆರಳು ಸರಿಸಿ, ಆ ಗಂಟಿನ ಕೆಳಗೆ ಗರಗಸದಿಂದ ಕೊಯ್ದು ಮಣ್ಣು ಮುಚ್ಚಿರಿ. ಚಿಗುರು ಕಂಡರೆ ಎಳೆಯದಾಗಿರುವಾಗಲೇ ಚಿವುಟುತ್ತಿರಿ. ಬೀದಿಯ ಮರದ ವಿಷಯದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಅನ್ವಯಿಸುತ್ತದೆ, ಆದ್ದರಿಂದ ಮೊದಲು ಪಾಲಿಕೆಗೆ ಅಥವಾ ಅರಣ್ಯ ಇಲಾಖೆಗೆ ಅರ್ಜಿ ಕೊಡಿರಿ. ಪಕ್ಕದ ನಿವೇಶನದ ಮಾಲೀಕರನ್ನೂ ಒಮ್ಮೆ ಕಂಡು, ಸುಬಾಬುಲ್ ಕಾಯಿಗಳು ಕಂದು ಬಣ್ಣಕ್ಕೆ ತಿರುಗಿ ಸಿಡಿಯುವ ಮೊದಲೇ ಕೊಂಬೆ ಇಳಿಸಲು ಕೇಳಿಕೊಳ್ಳಿರಿ.