‘ಪಥ್ಯ ಮಾಡು’, ‘ಪಥ್ಯವಾಗು’: ಮೂತ್ರಪಿಂಡ ಕಸಿಯ ನಂತರದ ಪ್ರೋಟೀನಿಗೆ ಯಾವ ಮಾತು?

ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗಾಗಿ ಆಹಾರದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದು, ‘ಪ್ರೋಟೀನ್ ಪಥ್ಯ’ ಎಂಬ ಪ್ರಯೋಗದ ಬಳಿ ತಡವರಿಸಿ ನಿಂತಿದ್ದೇನೆ.

ಇಂದಿನ ಬಳಕೆಯಲ್ಲಿ ‘ಪಥ್ಯ ಮಾಡು’ ಎಂದರೆ ಬಿಡು, ಕಡಿಮೆ ಮಾಡು ಎಂದೇ ಕೇಳಿಸುತ್ತದೆ. ಡಯಾಲಿಸಿಸ್‌ಗೂ ಮೊದಲಿನ ಹಂತದಲ್ಲಿ, ದಿನಕ್ಕೆ ಪ್ರತಿ ಕೆ.ಜಿ. ದೇಹತೂಕಕ್ಕೆ ಸುಮಾರು 0.6 ಗ್ರಾಂ ಪ್ರೋಟೀನ್ ಸಾಕೆಂದು ಹಲವರಿಗೆ ವೈದ್ಯರು ಹೇಳುವ ಕಾಲದಲ್ಲಿ, ಈ ಅರ್ಥ ಹೊಂದುತ್ತದೆ. ಕಸಿಯಾದ ಮೇಲೆ ಹೊಂದುವುದಿಲ್ಲ. ಶಸ್ತ್ರಚಿಕಿತ್ಸೆಯ ಗಾಯ ಮಾಯಬೇಕು, ಸಾಲದ್ದಕ್ಕೆ ಸ್ಟೀರಾಯ್ಡ್ ಔಷಧ ಸ್ನಾಯುವನ್ನು ಕರಗಿಸುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ ಪ್ರೋಟೀನ್ ಹೆಚ್ಚೇ ಬೇಕಾಗುತ್ತದೆ. ಕಸಿ ನೆಲೆನಿಂತ ಮೇಲೆ ಸಾಮಾನ್ಯವಾಗಿ ಹೇಳುವ ಅಳತೆ, ಪ್ರತಿ ಕೆ.ಜಿ.ಯ ಅದೇ ಲೆಕ್ಕದಲ್ಲಿ, 0.8ರಿಂದ 1 ಗ್ರಾಂ. ಅತಿಯಾದರೆ ಆ ಒಂದೇ ಮೂತ್ರಪಿಂಡದ ಶೋಧಕಗಳ ಮೇಲೆ ಒತ್ತಡ ಏರುತ್ತದೆ, ತೀರ ಇಳಿದರೆ ಮೈಕಟ್ಟು ಸವೆಯುತ್ತದೆ. ಹಳೆಯ ಪಥ್ಯವನ್ನೇ ನಿಷ್ಠೆಯಿಂದ ಮುಂದುವರಿಸಿದವರ ಸ್ನಾಯು ಸವೆದು, ಅದರಿಂದಲೇ ರಕ್ತದ ಕ್ರಿಯಾಟಿನಿನ್ (ಸ್ನಾಯುವಿನಿಂದ ಹುಟ್ಟಿ ಮೂತ್ರಪಿಂಡ ಹೊರಹಾಕುವ ತ್ಯಾಜ್ಯ; ಮೂತ್ರಪಿಂಡದ ಕೆಲಸವನ್ನು ಅಳೆಯುವುದು ಇದರಿಂದ) ಇಳಿದು, ಪಥ್ಯ ಫಲಿಸಿತೆಂಬ ಭ್ರಮೆಯೂ ಹುಟ್ಟಬಹುದು. ಪದವೊಂದು ಇಷ್ಟು ಕೆಡುಕು ಮಾಡಬಲ್ಲದೆಂಬುದೇ ನನ್ನ ಅಳುಕು.

ಆದರೆ ‘ಪಥ’ದಿಂದ ಬಂದ ‘ಪಥ್ಯ’ಕ್ಕೆ ಸಂಸ್ಕೃತದಲ್ಲಿ ತಕ್ಕದ್ದು, ಹಿತವಾದದ್ದು ಎಂಬ ಅರ್ಥವಿದೆ. ಕನ್ನಡವೂ ಅದನ್ನು ಪೂರ್ತಿ ಮರೆತಿಲ್ಲ: ‘ಅವನ ಮಾತು ಆಕೆಗೆ ಪಥ್ಯವಾಗಲಿಲ್ಲ’ ಎನ್ನುವಾಗ ನಾವು ಹೇಳುವುದು ಒಗ್ಗುವ, ಹಿಡಿಸುವ ವಿಚಾರವನ್ನೇ. ‘ಮಾಡು’ ಸೇರಿದರೆ ವರ್ಜನೆ, ‘ಆಗು’ ಸೇರಿದರೆ ಒಪ್ಪಿಗೆ!

‘ಮಿತ ಪ್ರೋಟೀನ್’ ಎನ್ನೋಣವೆಂದರೆ, ಮಿತಭಾಷಿ, ಮಿತವ್ಯಯಗಳ ನೆರಳಿನಲ್ಲಿ ‘ಮಿತ’ವೂ ಕಡಿಮೆಯ ಕಡೆಗೇ ವಾಲುತ್ತದೆ. (ಹಳೆಯ ಪಠ್ಯಪುಸ್ತಕಗಳ ‘ಸಸಾರಜನಕ’ವನ್ನು ಬಿಟ್ಟು ‘ಪ್ರೋಟೀನ್’ ಎಂದೇ ಉಳಿಸಿಕೊಂಡಿದ್ದೇನೆ; ಸಾರಜನಕವುಳ್ಳದ್ದು ಎಂಬ ಆ ಹೆಸರು ಅರ್ಥವತ್ತಾದದ್ದೇ, ಆದರೆ ಇಂದಿನ ರೋಗಿಗೆ ಅಪರಿಚಿತ.) ನನ್ನ ಒಲವು ‘ಪ್ರೋಟೀನಿನ ಹದ’ ಎಂಬುದರತ್ತ, ಏಕೆಂದರೆ ಹದ ಹೆಚ್ಚಾದರೂ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ತೊಡಕೆಂದರೆ, ಹದವನ್ನು ಕೈ ಬಲ್ಲದು, ತಕ್ಕಡಿಯಲ್ಲ. ಇಲ್ಲಿ ಗ್ರಾಂ ಲೆಕ್ಕವಿದೆ.

ಇಂಥದ್ದನ್ನು ಇಷ್ಟು ತಿನ್ನಲೇಬೇಕು ಎಂಬ ಅರ್ಥದಲ್ಲಿ ‘ಪಥ್ಯ’ವನ್ನು ಇಂದಿಗೂ ಬಳಸುವ ಆಡುಮಾತು ಬಲ್ಲವರ ಕಿವಿಗೆ ಬಿದ್ದಿದೆಯೇ? ಇದ್ದರೆ ಅದು ಯಾವ ಕ್ರಿಯಾಪದದೊಡನೆ ಬರುತ್ತದೆ?